ಎಲೆಯ ತಳ ನೋಡುತ್ತಿದ್ದ ಓನರ್ ಆಂಟಿ

ಓನರ್ ಆಂಟಿಯ ಬಲಗೈ ಹೆಬ್ಬೆರಳಿನ ಉಗುರನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಉಳಿದ ಉಗುರುಗಳನ್ನೆಲ್ಲ ಬುಡಮಟ್ಟ ಕತ್ತರಿಸಿಕೊಂಡು ಅದೊಂದನ್ನು ಮಾತ್ರ ಉದ್ದಕ್ಕೆ ಬಿಟ್ಟಿದ್ದರು. ಅಂಚು ಸದಾ ಹಸಿರು, ಒಳಗೆ ಕಂದು, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಬಣ್ಣ. ಆ ಉಗುರಿಗೆ ಎರಡೇ ಕೆಲಸ. ಕಂಡವರ ಮನೆಯ ಗಿಡದಿಂದ ಕಡ್ಡಿ ಮುರಿಯುವುದು, ಕಂಡವರ ಮನೆಯ ಗಿಡದಲ್ಲಿ ಹುಳ ಹಿಸುಕುವುದು. ಎರಡಕ್ಕೂ ಅವರು ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ.

ತುಮಕೂರಿನ ಮರಳೂರಿನಲ್ಲಿ ಅವರದು ಮಹಡಿ ಮನೆ. ಕೆಳಗೆ ಅವರು, ಮೇಲೆ ಬಾಡಿಗೆಗೆ ನಾವು. ತೊಂಬತ್ತರ ದಶಕದ ನಡುವಿನ ಮಾತು, ನನಗೆ ಆಗಷ್ಟೇ ಮದುವೆಯಾಗಿತ್ತು. ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರಾಗಿದ್ದ ನಾನು ಬೆಳಿಗ್ಗೆ ಬಸ್ಸು ಹತ್ತಿದರೆ ವಾಪಸು ಬರುವಾಗ ದೀಪ ಹಚ್ಚುವ ಹೊತ್ತು. ಮನೆ ನೋಡಲು ಹೋದ ದಿನ ಆಂಟಿ ನಮ್ಮ ಊರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. “ಗಿಡ ಇಡ್ತೀರಾ?” ಎಂದಷ್ಟೇ ಕೇಳಿದರು. ಇಡ್ತೀವಿ ಅಂದೆ. ಎಂಥ ಒಳ್ಳೆಯ ಹೆಂಗಸು ಅಂದುಕೊಂಡೆ. ಆ ಅಭಿಪ್ರಾಯ ಸಾಮಾನು ಇಳಿಸುವ ದಿನದವರೆಗೆ ಉಳಿದಿತ್ತು.

ಟೆಂಪೋದಿಂದ ಬೀರು ಇಳಿಸಲು ಜನ ಸಾಲದೆ ನಮ್ಮ ಯಜಮಾನರು ಒದ್ದಾಡುತ್ತಿದ್ದರು. ಆಂಟಿ ಸೀದಾ ಬಂದು, ನಾನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಎಣ್ಣೆ ಡಬ್ಬದ ಗಿಡಕ್ಕೆ ಕೈ ಹಾಕಿದರು. ಎಲೆಯೊಂದನ್ನು ಬೆರಳಲ್ಲಿ ಮಗುಚಿ ಕನ್ನಡಕ ಮೇಲೆತ್ತಿ ನೋಡಿದರು.

“ಎಲ್ಲೀದೇ ಇದು?”

“ಕುಣಿಗಲ್ದು ಆಂಟಿ. ನಮ್ಮಮ್ಮ ಹಾಕಿದ್ದು.”

“ಅಮ್ಮ ಹಾಕಿದ್ರೆ ಹುಳ ಹತ್ತಲ್ವಾ? ನೋಡಿಲ್ಲಿ. ಮೇಲ್ಗಡೆ ಎಷ್ಟು ಚೆನ್ನಾಗೈತೆ ಅಂತ ಮೋಸ ಹೋಗ್ಬೇಡ ಕಣೇ. ತಳ ನೋಡು, ತಳ.”

ತಳದಲ್ಲಿ ಬಿಳಿಯ ಒಂದು ಚುಕ್ಕೆ ಇತ್ತು. ಉಗುರು ಅದರ ಮೇಲೆ ಬಿತ್ತು. ಕಾಫಿ ಕುಡಿದಿರಾ, ಪ್ರಯಾಣ ಹೇಗಾಯಿತು ಎಂಬ ಒಂದು ಮಾತಿಲ್ಲ. “ಇದುನ್ನ ಮೇಲಕ್ ತಗೊಂಡೋಗಿ ಬೇರೆ ಗಿಡದ್ ಹತ್ರ ಇಟ್ಟೀಯ, ಹುಷಾರು” ಎಂದು ಹೇಳಿ ಒಳಗೆ ಹೋದರು. ನನಗೆ ಬೇರೆ ಗಿಡವೇ ಇರಲಿಲ್ಲ.

ಆ ಗಿಡದ ವಿಷಯ ಹೇಳಬೇಕು. ಅದೊಂದು ದಾಸವಾಳ. ಒತ್ತೊತ್ತಾದ ಪಕಳೆ, ಕೇಸರಿ ಹಾಕಿದ ಹಾಲಿನ ಬಣ್ಣ, ನಡುವೆ ಕಡುಗೆಂಪು. ಕುಣಿಗಲ್ಲಿನಲ್ಲಿ ನಾವಿದ್ದ ಬಾಡಿಗೆ ಮನೆಯ ಬಚ್ಚಲ ನೀರು ಹೋಗುವ ಕಡೆ ಅಮ್ಮ ಅದನ್ನು ನೆಟ್ಟಿದ್ದಳು. ಶುಕ್ರವಾರ ಲಕ್ಷ್ಮಿ ಫೋಟೋಗೆ ಒಂದು ಹೂ. ಉಳಿದಿದ್ದನ್ನು ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸಿ ನನ್ನ ತಲೆಗೆ ತಿಕ್ಕುತ್ತಿದ್ದಳು. ನನ್ನ ಮದುವೆಗೆ ಮುಂಚೆಯೇ ಅಮ್ಮ ತೀರಿಕೊಂಡಳು. ಆಮೇಲೆ ಆ ಮನೆಯ ಮಾಲೀಕರು ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಿಸಲು ಹೊರಟಾಗ, ಬುಡದಲ್ಲಿ ಒಡೆದಿದ್ದ ಒಂದು ಮರಿಯನ್ನು ನಾನು ಕಿತ್ತು ತಂದು ಡಬ್ಬಕ್ಕೆ ಹಾಕಿದೆ. ಅಮ್ಮನದು ಎಂದು ನನ್ನಲ್ಲಿ ಉಳಿದದ್ದು ಎರಡು ಸೀರೆ ಮತ್ತು ಈ ಗಿಡ. ಸೀರೆಗೆ ಜೀವ ಇರುವುದಿಲ್ಲವಲ್ಲ.

ಹೀಗಾಗಿ ಆ ಗಿಡವನ್ನು ಯಾರಾದರೂ ಮುಟ್ಟಿದರೆ ನನಗೆ ಮೈ ಉರಿಯುತ್ತಿತ್ತು. ಆಂಟಿಗೆ ಮುಟ್ಟದೆ ಇರಲು ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ, ನಾವಿನ್ನೂ ಹಲ್ಲುಜ್ಜಿರದಿದ್ದರೂ, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಸೋಪಿನ ನೀರಿನ ಚೊಂಬು. ನಮ್ಮ ಯಜಮಾನರು ಪಂಚೆ ಸರಿಮಾಡಿಕೊಂಡು ರೂಮಿಗೆ ಓಡುತ್ತಿದ್ದರು. ಆಂಟಿಗೆ ಅವರು ಕಾಣುತ್ತಲೇ ಇರಲಿಲ್ಲ. ಟಿ.ವಿ. ಮೇಲಿನ ಮನಿಪ್ಲಾಂಟು, ಕಿಟಕಿಯ ಕ್ರೋಟನ್, ಬಾಲ್ಕನಿಯ ಗುಲಾಬಿ, ಕೊನೆಗೆ ನನ್ನ ದಾಸವಾಳ, ಹೀಗೆ ಎಲ್ಲದರ ಎಲೆ ಮಗುಚುವುದು, ಗೊಣಗುವುದು.

ಗೊಣಗಾಟದಲ್ಲೇ ಪಾಠವೂ ಆಗುತ್ತಿತ್ತು. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಎಲೆ ಕಡ್ಡಿಗೆ ಸೇರುವ ಸಂದಿಯಲ್ಲಿ ಬಿಳಿ ಹಿಟ್ಟು ಮೆತ್ತಿದಂತಿದ್ದರೆ ಅದು ಹಿಟ್ಟು ತಿಗಣೆ. ಇದ್ದದ್ದು ಒಂದೆರಡಾದರೆ ಹತ್ತಿಗೆ ಸ್ಪಿರಿಟ್ ಅದ್ದಿ ಮುಟ್ಟಿಸಬೇಕು. ಗುಲಾಬಿಯ ಎಳೆ ಚಿಗುರಿಗೆ ಮುತ್ತುವುದು ಹೇನು. ಅದಕ್ಕೆ ಔಷಧಿಯೇ ಬೇಡ, ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದು ಜೋರಾಗಿ ನೀರು ಬಿಟ್ಟರೆ ಉದುರುತ್ತದೆ, ಎರಡು ದಿನ ಬಿಟ್ಟು ಇನ್ನೊಮ್ಮೆ ಬಿಡಬೇಕು. ಬೇಸಿಗೆಯಲ್ಲಿ ಎಲೆ ಬಿಳಿಚಿಕೊಂಡು, ತಳದಲ್ಲಿ ಧೂಳಿನಂಥ ಬಲೆ ಕಂಡರೆ ನುಸಿ. ನುಸಿಗೆ ಒಣ ಗಾಳಿ ಇಷ್ಟ, ಆದ್ದರಿಂದ ತಳ ಒದ್ದೆ ಮಾಡುತ್ತಿರಬೇಕು. ಕಡ್ಡಿಯ ಮೇಲೆ ಗಾಯದ ಹಕ್ಕಳೆಯಂತೆ ಕಂದು ಅಂಟಿಕೊಂಡು ಅಲ್ಲಾಡದೆ ಇರುತ್ತದಲ್ಲ, ಅದೂ ಹುಳವೇ, ಅದನ್ನು ಉಗುರಿನಲ್ಲಿ ಕೆರೆಯಬೇಕು. ಬೇವಿನ ಎಣ್ಣೆಯನ್ನು ಸೋಪಿನ ನೀರಿಗೆ ಬೆರೆಸಿಯೇ ಹೊಡೆಯಬೇಕು. ಹೊಡೆಯುವ ಮೊದಲು ಒಂದೇ ಎಲೆಗೆ ಹಚ್ಚಿ ನೋಡಬೇಕು. ಬಿಸಿಲಲ್ಲಿ ಮಾತ್ರ ಏನನ್ನೂ ಹೊಡೆಯಬಾರದು, ಸಂಜೆ ಆಗಬೇಕು.

“ಇರುವೆ ಸಾಲು ಗಿಡ ಹತ್ತತಾ ಐತೆ ಅಂದ್ರೆ ಸುಮ್ನೆ ಹತ್ತಲ್ಲ ಕಣೇ. ಮೇಲೆ ಅಂಟು ಸುರಿಸೋರು ಯಾರೋ ಅವ್ರೆ. ಇರುವೆ ಅವುನ್ನ ಸಾಕುತ್ತೆ, ನಾವ್ ಹಸ ಸಾಕ್ದಂಗೆ” ಎನ್ನುತ್ತಿದ್ದರು. ನಾನು ಪೇಪರ್ ತಿದ್ದುತ್ತಾ ಹೂಂ ಅನ್ನುತ್ತಿದ್ದೆ. ಹೂಂ ಅಂದರೆ ಸಾಲದು, ಎದ್ದು ಬಂದು ನೋಡಬೇಕು.

ಮನೆಯಲ್ಲಿ ಸರಿ, ಹೊರಗೂ ಅದೇ ಕಥೆ. ಒಮ್ಮೆ ನನಗೆ ಜ್ವರ ಬಂದು ಆಂಟಿಯೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಡಾಕ್ಟರು ನನ್ನ ನಾಡಿ ಹಿಡಿದಿದ್ದಾರೆ, ಆಂಟಿ ಅವರ ಮೇಜಿನ ಮೇಲಿದ್ದ ಕುಂಡವನ್ನು ಹಿಡಿದಿದ್ದಾರೆ. “ಡಾಕ್ಟ್ರೇ, ಇದುಕ್ ನುಸಿ ಹತ್ತೈತೆ. ಪೇಷೆಂಟ್ ಆಮೇಲ್ ನೋಡೀರಂತೆ, ಮೊದ್ಲು ಇದುನ್ನ ಹೊರಗಿಡ್ಸಿ.” ನಾನು ಜ್ವರದಲ್ಲೂ ನಾಚಿಕೆಯಿಂದ ಕುಗ್ಗಿ ಹೋದೆ. ಎದ್ದು ಬರುವಾಗ ಅದೇ ಕುಂಡದ ಒಂದು ಕಡ್ಡಿ ಅವರ ಪರ್ಸಿನಲ್ಲಿತ್ತು. ಹುಳ ಹಿಡಿದ ಗಿಡದ ಕಡ್ಡಿ ಯಾಕೆ ಆಂಟಿ ಎಂದರೆ, “ಹುಳ ತೆಗುದ್ರೆ ಗಿಡ ತಾನೇ?” ಎಂದರು.

ಇಷ್ಟೆಲ್ಲ ತಿಳಿದ ಮನುಷ್ಯರಿಗೆ ಒಂದು ವಿಷಯ ಮಾತ್ರ ತಲೆಗೆ ಹೋಗುತ್ತಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು. ಬಂದ ಹೆಂಗಸರಿಗೆ ಎಲೆ ಅಡಿಕೆ, ಬಾಳೆಹಣ್ಣು, ಬ್ಲೌಸ್ ಪೀಸಿನ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಬೇರು ಬಿಟ್ಟ ಒಂದು ಕಡ್ಡಿಯನ್ನೂ ಕೊಡಬೇಕು. ಅದಿಲ್ಲದೆ ಅವರ ಮನೆಯಿಂದ ಯಾವ ಮುತ್ತೈದೆಯೂ ಹೊರಡುವಂತಿರಲಿಲ್ಲ. ಎದುರು ಮನೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಸಾಬರ ಹೆಂಡತಿ, ನಾವೆಲ್ಲ ಆಪಾ ಅನ್ನುತ್ತಿದ್ದವರು, ಕುಂಕುಮ ಬೇಡವೆಂದು ನಗುತ್ತಾ ಕಡ್ಡಿ ಮಾತ್ರ ತೆಗೆದುಕೊಂಡು ಹೋಗುತ್ತಿದ್ದರು. ಹೀಗೆ ಹಂಚಿದ ಕಡ್ಡಿಗಳು ಬೀದಿಯ ಎಲ್ಲ ಮನೆಗಳಲ್ಲೂ ಚಿಗುರಿದವು. ಮುಂದಿನ ಬೇಸಿಗೆಗೆ ಬೀದಿಯ ಎಲ್ಲ ಮನೆಗಳಲ್ಲೂ ಹಿಟ್ಟು ತಿಗಣೆ.

ಮೂಲೆ ಮನೆಯ ಅಜ್ಜಿಯದು ಇನ್ನೂ ಚೆಂದ. ಅವರ ಬಿಳಿ ದಾಸವಾಳದ ಕಡ್ಡಿಯುದ್ದಕ್ಕೂ ಹತ್ತಿ ಉಂಡೆಗಳಂತೆ ಬೆಳ್ಳಗೆ ಸಾಲಾಗಿ ಕೂತಿತ್ತು. ಕಣ್ಣು ಮಂಜಾಗಿದ್ದ ಅಜ್ಜಿ ಅದನ್ನು ನೋಡಿ ತಾಯಿಯೇ ಬಂದು ಗಿಡಕ್ಕೆ ಗೆಜ್ಜೆವಸ್ತ್ರ ಹಾಕಿದ್ದಾಳೆ ಎಂದು ತೀರ್ಮಾನಿಸಿಬಿಟ್ಟರು. ದೇವರಿಗೆ ಹಾಕುವ ಹತ್ತಿಯ ಹಾರಕ್ಕೆ ಇಡುವಂತೆ ಅಲ್ಲಲ್ಲಿ ಕುಂಕುಮವನ್ನೂ ಇಟ್ಟಿದ್ದರು. ಮಂಗಳಾರತಿ ನಡೆಯುತ್ತಿತ್ತು, ಅಕ್ಕಪಕ್ಕದವರು ಕೈ ಮುಗಿದು ನಿಂತಿದ್ದರು. ಸುದ್ದಿ ಕೇಳಿ ಹೊರಟ ಆಂಟಿಯ ಹಿಂದೆ, ತಡೆಯಲೆಂದು ನಾನೂ ಓಡಿದೆ.

“ಗೆಜ್ಜೆವಸ್ತ್ರ ಅಲ್ಲ ಅಜ್ಜಿ, ಅದು ಹುಳ!” ಎಂದು ಆಂಟಿ ಕೈ ಹಾಕಿ ಒಂದನ್ನು ಹಿಸುಕಿಯೇ ಬಿಟ್ಟರು.

“ಅಯ್ಯೋ ನಿನ್ ಕೈ ಸೇದೋಗ! ತಾಯಿ ವಸ್ತ್ರಕ್ ಕೈ ಹಾಕ್ತೀಯೇನೇ?” ಅಜ್ಜಿ ಮಂಗಳಾರತಿ ತಟ್ಟೆಯನ್ನೇ ಎತ್ತಿದರು.

“ವಸ್ತ್ರಕ್ಕೆ ಕಾಲಿರ್ತಾವಾ? ನೋಡಿ, ಕುಂಕುಮ ಇಟ್ಕೊಂಡು ಹೆಂಗ್ ಹೊಂಟೈತೆ!”

ನಿಜಕ್ಕೂ ಒಂದು ಹುಳ ಹಣೆಗೆ ಕುಂಕುಮ ಹೊತ್ತುಕೊಂಡು ನಿಧಾನವಾಗಿ ಕಡ್ಡಿ ಹತ್ತುತ್ತಿತ್ತು. ಕೈ ಮುಗಿದವರೆಲ್ಲ ಬಗ್ಗಿ ನೋಡಿದರು. ಅಜ್ಜಿ ಆಮೇಲೆ ಬಹಳ ದಿನ ಆಂಟಿಯ ಮುಖ ನೋಡಲಿಲ್ಲ.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. “ಆಂಟಿ, ಆ ಗಿಡ ನೀವೇ ಕೊಟ್ಟಿದ್ದು. ಬೀದಿಗೆಲ್ಲ ಹುಳ ಹಂಚಿದ್ದು ನೀವೇ” ಅಂದೆ.

ಆಂಟಿ ನಡು ಬೀದಿಯಲ್ಲಿ ನಿಂತರು. “ಗಿಡ ನಾನ್ ಕೊಟ್ಟೆ. ಹುಳ ನಾನ್ ಕೊಟ್ನಾ?”

ಇಂಥ ಮನುಷ್ಯರ ಜೊತೆ ಏನು ವಾದ ಮಾಡುವುದು? ಅವರು ಚೊಂಬು ಹಿಡಿದುಕೊಂಡು ಮನೆ ಮನೆಗೆ ಹೋಗಿ, ಬೈಸಿಕೊಂಡು, ಬೈದು, ಗಿಡ ಒರೆಸಿ ಬಂದರು. ಹಬ್ಬ ಬಂದಾಗ ಮತ್ತೆ ಕಡ್ಡಿ ಹಂಚಿದರು.

ಹೀಗೇ ವರ್ಷಗಳು ಕಳೆದವು. ಡಬ್ಬದ ದಾಸವಾಳ ದೊಡ್ಡ ಸಿಮೆಂಟ್ ಕುಂಡಕ್ಕೆ ಬಂದು ನನ್ನ ಎದೆಯೆತ್ತರ ಬೆಳೆದಿತ್ತು. ಶುಕ್ರವಾರದ ಹೂವಿಗೆ ಕೊರತೆ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಹಿಟ್ಟು ತಿಗಣೆ ಅದಕ್ಕೆ ಬಿಡದೆ ಹತ್ತಿತು. ಒರೆಸಿದರೆ ವಾರಕ್ಕೆ ಮತ್ತೆ ಹಾಜರು. ಆಂಟಿ ನನಗಿಂತ ಹೆಚ್ಚು ರೇಗಿದ್ದರು. ನನಗೆ ಅದೇ ಹೊತ್ತಿಗೆ ಚೇಳೂರಿನ ಕಡೆ ಎಲೆಕ್ಷನ್ ಡ್ಯೂಟಿ ಬಂತು. ಹೋಗುವ ಮುಂಚೆ ಆಂಟಿಯ ಕೈ ಹಿಡಿದು ಹೇಳಿದ್ದೆ, “ನೀರು ಹಾಕಿ ಸಾಕು ಆಂಟಿ. ಬೇರೇನೂ ಮಾಡ್ಬೇಡಿ, ದಮ್ಮಯ್ಯ.”

ಡ್ಯೂಟಿ ಮುಗಿಸಿ, ನಿದ್ದೆ ಇಲ್ಲದೆ, ಧೂಳು ಮೆತ್ತಿಕೊಂಡು ಬಂದು ಬಾಲ್ಕನಿ ಬಾಗಿಲು ತೆಗೆದರೆ ಸೀಮೆಎಣ್ಣೆಯ ವಾಸನೆ. ಗಿಡದ ಎಲೆಗಳೆಲ್ಲ ಸುಟ್ಟು ಕರಕಲಾಗಿ ಜೋತು ಬಿದ್ದಿದ್ದವು. ಸೋಪಿನ ನೀರಿಗೆ ಸೀಮೆಎಣ್ಣೆ ಕಲಸಿ, ಮಟಮಟ ಮಧ್ಯಾಹ್ನ ಹೊಡೆದಿದ್ದರು. ಇರುವೆ ಗೂಡು ಬೇರಿನಲ್ಲೇ ಇದೆ ಎಂದು ಮಿಕ್ಕಿದ್ದನ್ನು ಕುಂಡದ ಮಣ್ಣಿಗೂ ಸುರಿದಿದ್ದರು. ಒಂದೇ ಎಲೆಗೆ ಹಚ್ಚಿ ನೋಡು, ಬಿಸಿಲಲ್ಲಿ ಹೊಡೆಯಬೇಡ ಎಂದು ನನಗೆ ಬಡಿದು ಬಡಿದು ಹೇಳಿದವರು ಇವರೇ. ಸಿಟ್ಟು ಬಂದರೆ ಅವರ ಪಾಠ ಅವರಿಗೇ ನೆನಪಿರುತ್ತಿರಲಿಲ್ಲ. ಹುಳಗಳೂ ಸತ್ತಿದ್ದವು ಎಂಬುದನ್ನು ಹೇಳಲೇಬೇಕು.

ಆಂಟಿ ಮೆಟ್ಟಿಲ ಹತ್ತಿರ ನಿಂತಿದ್ದರು. “ಒಂದೂ ಉಳುದಿಲ್ಲ ನೋಡು” ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

“ನಿಮ್ಮ ಹುಳದ ಹುಚ್ಚಿಗೆ ನಮ್ಮಮ್ಮನ್ನ ಇನ್ನೊಂದ್ಸಲ ಸಾಯಿಸಿದ್ರಿ” ಅಂದೆ.

 ಆಂಟಿ ಮೆಟ್ಟಿಲಿಳಿದು ಹೋದರು. ನಾನು ಕೂತು ಅತ್ತೆ. ಕುಂಡದ ಮಣ್ಣು ಬದಲಾಯಿಸಿದೆ, ಬೇರು ತೊಳೆದೆ, ಬುಡದವರೆಗೆ ಕತ್ತರಿಸಿ ಕಾದೆ. ಗಿಡ ಚಿಗುರಲಿಲ್ಲ. ಬೇರೆ ಮನೆ ನೋಡಿ ಎಂದು ಯಜಮಾನರಿಗೆ ಹೇಳಿದೆ. “ಒಂದು ಗಿಡಕ್ಕಾಗಿ ಮನೆ ಬಿಡೋದಾ?” ಎಂದು ಕೇಳಿ ಅವರೂ ನನ್ನಿಂದ ಬೈಸಿಕೊಂಡರು.

ಆಂಟಿ ಕ್ಷಮೆ ಕೇಳಲಿಲ್ಲ. ಭಾನುವಾರಗಳು ಸದ್ದಿಲ್ಲದೆ ಕಳೆದವು. ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವರು ಮನೆಯಲ್ಲೇ ಇರುತ್ತಿರಲಿಲ್ಲ. ಅವರ ಯಜಮಾನರು, ಅಂಕಲ್, ಒಬ್ಬರೇ ಪೇಪರು ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಮುಖ ತಪ್ಪಿಸಿ ಓಡಾಡುತ್ತಿದ್ದಾರೆ, ಓಡಾಡಲಿ ಎಂದು ನಾನೂ ಬಿಗಿದುಕೊಂಡೆ. ಒಂದು ಸಂಜೆ ಆಪಾ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದರು.

“ಟೀಚರ್, ನಿಮ್ಮ ಓನರಮ್ಮ ಕುಣಿಗಲ್‌ಗೆ ಹೋಗಿದ್ರು, ಗೊತ್ತಾ?”

“ಕುಣಿಗಲ್‌ಗಾ? ಯಾಕೆ?”

“ನಿಮ್ಮ ತಾಯಿಯವ್ರ ಮನೆ ಹುಡುಕ್ಕೊಂಡು. ಬಚ್ಚಲ್ ಹತ್ರ ಗಿಡದ್ ಬೇರಾದ್ರೂ ಇರ್ಬೌದು ಅಂತ. ಎಲ್ಲಾ ಅಂಗಡಿ ಆಗೋಗಿದೆ ಅಂತ ವಾಪಸ್ ಬಂದ್ರು ಪಾಪ. ಬಿಸಿಲಲ್ಲಿ ಮುಖ ಎಲ್ಲಾ ಕಪ್ಪಾಗೋಗಿದೆ.”

ಮೆಟ್ಟಿಲು ಹತ್ತುವ ಮುನ್ನ ಅವರ ಬಾಗಿಲ ಕಡೆ ಒಮ್ಮೆ ನೋಡಿದೆ. ಆದರೂ ಸಿಟ್ಟು ಪೂರ್ತಿ ಇಳಿಯಲಿಲ್ಲ. ಮೊದಲು ಕೊಂದು ಆಮೇಲೆ ಹುಡುಕಲು ಹೋಗು ಎಂದು ಇವರಿಗೆ ಯಾರು ಹೇಳಿದ್ದರು?

ಮಳೆ ಶುರುವಾದ ಮೇಲೆ ಒಂದು ಭಾನುವಾರ ಮೆಟ್ಟಿಲ ಮೇಲೆ ಮತ್ತೆ ಚಪ್ಪಲಿ ಸದ್ದಾಯಿತು. ಆಂಟಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒದ್ದೆ ಗೋಣಿ ಸುತ್ತಿದ ಒಂದು ಪುಟ್ಟ ಗಿಡ. ತುದಿಯಲ್ಲಿ ಅರ್ಧ ಬಿರಿದ ಮೊಗ್ಗು, ಕೇಸರಿ ಹಾಕಿದ ಹಾಲಿನ ಬಣ್ಣ.

“ತಗೋ. ನಿಮ್ಮಮ್ಮಂದೇ.”

“ಎಲ್ಲಿತ್ತು?”

“ಗುಬ್ಬೀಲಿ. ನೀನ್ ಬರೋಕ್ ಮುಂಚೆ ಮೇಲ್ಗಡೆ ಇದ್ಲಲ್ಲ, ಆ ಹುಡ್ಗಿ ಮನೇಲಿ. ಬೀದೀಲಿ ಕೊಟ್ಟಿದ್ವೆಲ್ಲಾ ಹೋಗ್ಬುಟ್ಟವೆ. ಅಜ್ಜಿದು ಮೇಕೆ ತಿಂತು, ಆಪಾದು ಸಿಮೆಂಟ್ ಹಾಕ್ಸಿ ಸತ್ತೋಯ್ತು. ಅವ್ಳೊಬ್ಳು ಉಳುಸ್ಕೊಂಡವ್ಳೆ.”

“ಅವರಿಗೆ ಹೇಗೆ ಸಿಕ್ತು ನಮ್ಮ ಗಿಡ?”

ಆಂಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ನೀನ್ ಸ್ಕೂಲ್ಗೋದಾಗ ಮುರ್ಕೊಂಡಿದ್ದೆ. ಹಬ್ಬಕ್ ಬಂದೋರ್ಗೆಲ್ಲ ಕೊಟ್ಟಿದ್ದೆ, ಅವ್ಳೂ ಬಂದಿದ್ಲು. ಕೇಳುದ್ರೆ ಕೊಡ್ತಿದ್ಯಾ ನೀನು?”

ಕೊಡುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಅಮ್ಮನ ಗಿಡವನ್ನು ನನ್ನ ಬೆನ್ನ ಹಿಂದೆ ಕದ್ದು ಊರಿಗೆಲ್ಲ ಹಂಚಿದ್ದರು. ಕದ್ದಿದ್ದರಿಂದಲೇ ಅದು ಉಳಿದಿತ್ತು. ಬೈಯಬೇಕೋ, ಕಾಲಿಗೆ ಬೀಳಬೇಕೋ ತಿಳಿಯದೆ ಗಿಡವನ್ನು ಎದೆಗೆ ಒತ್ತಿಕೊಂಡು ನಿಂತೆ. ನಾನು ಪ್ರತಿ ದಿನ ಬಸ್ಸಿಳಿದು ಸ್ಕೂಲಿಗೆ ನಡೆಯುವ ದಾರಿಯ ಹಿಂದಿನ ಬೀದಿಯಲ್ಲಿ ಅದು ಇಷ್ಟು ಕಾಲ ಹೂ ಬಿಡುತ್ತಿತ್ತು.

ಆಮೇಲೆ ಕೈ ತಾನಾಗಿ ಒಂದು ಎಲೆಯನ್ನು ಮಗುಚಿತು. ತಳದಲ್ಲಿ, ನರದ ಪಕ್ಕದಲ್ಲಿ, ಬೆಳ್ಳಗೆ.

“ಆಂಟಿ, ಇಲ್ ನೋಡಿ.”

ಆಂಟಿ ಕನ್ನಡಕ ಹಾಕಿಕೊಂಡು ಬಗ್ಗಿದರು. “ಅಯ್ಯೋ ಮನೆಹಾಳ್ ಮುಂಡೇವಾ! ಬಸ್ಸಲ್ಲಿ ತೊಡೆ ಮೇಲಿಟ್ಕೊಂಡ್ ಬಂದಿವ್ನಿ, ಒಂದ್ ಸಲ ತಳ ನೋಡ್ನಿಲ್ವಲ್ಲ ನಾನು!” ಉಗುರು ಅದರ ಮೇಲೆ ಬಿತ್ತು. ನನಗೆ ನಗು ಬಂತು, ನಗುತ್ತಾ ಅಳು ಬಂತು. ಆಂಟಿ “ಹತ್ತಿ ತಗೊಂಬಾ, ಸ್ಪಿರಿಟ್ ಐತಾ?” ಎಂದು ನನ್ನ ಮನೆಯ ಬೀರುವನ್ನು ತಾವೇ ತೆಗೆದರು. ಬೇರೆ ಮನೆ ನೋಡುವ ವಿಚಾರ ಅಲ್ಲಿಗೆ ನಿಂತಿತು.

ಕೆಲವು ವರ್ಷಗಳಾದ ಮೇಲೆ ನಾವು ಮರಳೂರಿನಲ್ಲೇ ಸ್ವಂತ ಮನೆ ಕಟ್ಟಿಕೊಂಡೆವು. ಗೃಹಪ್ರವೇಶದ ದಿನ ಪುರೋಹಿತರು ಕಲಶಕ್ಕೆ ಇಡಲು ತಂದಿದ್ದ ಮಾವಿನ ಸೊಪ್ಪನ್ನೂ ಆಂಟಿ ಮಗುಚಿ ನೋಡಿದರು. ಆ ಅಭ್ಯಾಸ ಅವರು ಹಾಸಿಗೆ ಹಿಡಿಯುವವರೆಗೂ ಬಿಡಲಿಲ್ಲ. ನರ್ಸಿಂಗ್ ಹೋಮಿನಲ್ಲಿ ನೋಡಲು ಹೋದಾಗ ಮಾತು ಕಷ್ಟವಾಗಿತ್ತು. ಡ್ರಿಪ್ ಹಾಕಿದ ಕೈಯೆತ್ತಿ ಕಿಟಕಿಯ ಮನಿಪ್ಲಾಂಟನ್ನು ತೋರಿಸಿ, “ತಳ” ಎಂದರು. ಎದ್ದು ಹೋಗಿ ನೋಡಿದೆ. ಏನೂ ಇರಲಿಲ್ಲ. ಏನೂ ಇಲ್ಲ ಆಂಟಿ ಅಂದರೆ ನಂಬಲಿಲ್ಲ, ಸರಿಯಾಗಿ ನೋಡು ಎಂಬಂತೆ ಹುಬ್ಬು ಗಂಟು ಹಾಕಿದರು. ಅವರು ನನ್ನನ್ನು ಕೊನೆಯದಾಗಿ ನೋಡಿದ್ದು ಹಾಗೆ.

ಅವರು ಹೋದ ಬೆಳಿಗ್ಗೆ ಗಿಡದಲ್ಲಿ ಒಂದೇ ಹೂ ಅರಳಿತ್ತು. ಅದನ್ನು ಕೊಯ್ದುಕೊಂಡು ಹೋದೆ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಆಪಾ ಬಾಗಿಲ ಹತ್ತಿರ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಆಂಟಿಯ ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಬಲಗೈ ಹೆಬ್ಬೆರಳನ್ನು ಹುಡುಕಿದೆ. ನರ್ಸಿಂಗ್ ಹೋಮಿನಲ್ಲಿ ಉಗುರನ್ನು ಬುಡಮಟ್ಟ ಕತ್ತರಿಸಿಬಿಟ್ಟಿದ್ದರು. ಮುಖ ನೋಡಿದಾಗ ಬರದಿದ್ದ ಅಳು ಅದನ್ನು ನೋಡಿ ಬಂತು.

ಹೂವನ್ನು ಕಾಲ ಬಳಿ ಇಡಲು ಬಗ್ಗಿದವಳು ತಡೆದೆ. ಮಗುಚಿ ನೋಡಿದೆ. ತೊಟ್ಟಿನ ಹತ್ತಿರ, ಪಕಳೆಯ ಹಿಂದೆ, ಬೆಳ್ಳಗೆ ಒಂದು ಕೂತಿತ್ತು. ಹುಳ ಇರುವ ಹೂ ಕೊಟ್ಟರೆ ಸುಮ್ಮನಿರುವ ಹೆಂಗಸಲ್ಲ ಅದು. ನನ್ನ ಹೆಬ್ಬೆರಳಿನ ಉಗುರಿನಿಂದ ಅದನ್ನು ಹಿಸುಕಿ ತೆಗೆದೆ. ಇನ್ನೊಮ್ಮೆ ತಳ ನೋಡಿದೆ. ಆಮೇಲೆ ಇಟ್ಟೆ.